ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತ: ಅಮೆರಿಕದ ಟ್ಯಾಕ್ಸ್ ಕ್ರೆಡಿಟ್ ಕಡಿಮೆ ಸಂಬಳದ ಮನೆಗಳಲ್ಲಿ ಏನು ಮಾಡುತ್ತಿದೆ?

ಡಲ್ಲಾಸ್ ತುಮಕೂರು

ಎಲ್ಲರಿಗೂ ನಮಸ್ಕಾರ. 2025ರ ರಿಟರ್ನ್ ಸಲ್ಲಿಸುವ ಸಮಯ ಶುರುವಾಗಿದೆ. ನಾನು ಇಲ್ಲಿ ಡಲ್ಲಾಸ್ ಹತ್ತಿರ ಒಂದು ಲೈಬ್ರರಿಯಲ್ಲಿ ಶನಿವಾರಗಳಂದು ಕೂತು ಕಡಿಮೆ ಆದಾಯದವರ ರಿಟರ್ನ್ ಉಚಿತವಾಗಿ ಮಾಡಿಕೊಡುತ್ತೇನೆ. ವೀಟಾ ಎನ್ನುತ್ತಾರೆ. ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಪರೀಕ್ಷೆ ಪಾಸಾದ ಸ್ವಯಂಸೇವಕರು ಮಾಡುವ ಕೆಲಸ.

ನಮ್ಮವರ ಗುಂಪುಗಳಲ್ಲಿ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಡಿಮೆ ಸಂಬಳದಲ್ಲಿ ದುಡಿಯುವವರಿಗೆ ಸರ್ಕಾರ ರಿಟರ್ನ್ ಮೂಲಕ ಕೊಡುವ ಹಣದ ವಿಷಯ ಬಂದಾಗಲೆಲ್ಲ ಎರಡೇ ಮಾತು. ಒಂದು, "ಅದು ಬಡವರಿಗೆ ಕೊಡುವ ಬಿಟ್ಟಿ ದುಡ್ಡು". ಇನ್ನೊಂದು, "ನಮಗೆ ಸಂಬಂಧ ಇಲ್ಲ ಬಿಡಿ, ನಾವೆಲ್ಲ ಐಟಿ". ಎರಡೂ ತಪ್ಪು. ಪೆಟ್ರೋಲ್ ಬಂಕ್ ಕೌಂಟರ್, ಮೋಟೆಲ್, ಇಂಡಿಯನ್ ಗ್ರಾಸರಿ, ಡೇಕೇರ್, ರೆಸ್ಟೊರೆಂಟ್ ಅಡುಗೆಮನೆ, ಇಲ್ಲೆಲ್ಲ ಕನ್ನಡ ಮಾತಾಡುವವರು ಸಿಗುತ್ತಾರೆ. ಅಣ್ಣನೋ ತಂಗಿಯೋ ಅರ್ಜಿ ಹಾಕಿ ಗ್ರೀನ್ ಕಾರ್ಡ್‌ನಲ್ಲಿ ನಲವತ್ತರ ಮೇಲೆ ಇಲ್ಲಿಗೆ ಬಂದವರು ಜಾಸ್ತಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಗಂಡ ಇಲ್ಲದ ಒಬ್ಬ ತಾಯಿ, ಎರಡು ಚಿಕ್ಕ ಮಕ್ಕಳು. ಗಂಟೆಗೆ 12 ಡಾಲರ್, ವಾರಕ್ಕೆ 40 ಗಂಟೆ. ವರ್ಷಕ್ಕೆ 24,960 ಡಾಲರ್. ಟೆಕ್ಸಸ್‌ನಲ್ಲಿ ಕನಿಷ್ಠ ಕೂಲಿ ಇನ್ನೂ 7.25 ಡಾಲರ್, 2009ರಿಂದ ಅಲ್ಲೇ ನಿಂತಿದೆ. ಹಾಗಾಗಿ 12 ಅಂದರೆ ತೀರಾ ಕೆಳಗಿನ ಸಂಬಳವೇನಲ್ಲ.

ಇವರಿಗೆ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಎಲ್ಲರೂ ಹೇಳುವ ಇಐಟಿಸಿ, ಸುಮಾರು 6,800 ಡಾಲರ್ ಬರುತ್ತದೆ. ಮಕ್ಕಳ ಕ್ರೆಡಿಟ್‌ನಲ್ಲಿ ಕೈಗೆ ಬರುವ ಭಾಗ ಇನ್ನೊಂದು 3,400ರ ಹತ್ತಿರ. ಒಟ್ಟು ಹತ್ತು ಸಾವಿರ ಡಾಲರ್ ದಾಟುತ್ತದೆ. ಐದು ತಿಂಗಳ ಸಂಬಳ, ಒಂದೇ ಏಟಿಗೆ, ಒಂದು ದಿನ ಬ್ಯಾಂಕ್ ಖಾತೆಗೆ.

ನನ್ನ ಪ್ರಶ್ನೆ ಮೊತ್ತದ ಬಗ್ಗೆ ಅಲ್ಲ. ಹಣ ಬರುವ ರೀತಿಯ ಬಗ್ಗೆ. ವರ್ಷವಿಡೀ ಬಾಡಿಗೆಗೆ ಒದ್ದಾಡಿ, ಕೊನೆಗೆ ಒಂದೇ ಸಲ ಇಷ್ಟು ಬಂದರೆ ಆ ಮನೆಗೆ ಒಳ್ಳೆಯದೇ? ಇಲ್ಲ ತಿಂಗಳು ತಿಂಗಳು ಬರಬೇಕಿತ್ತೇ? ಅನುಭವ ಇರುವವರು ಬರೆಯಿರಿ.

ರಾತ್ರಿ ಪಾಳಿ

ನಾನು ಬರೆಯಬಲ್ಲೆ. ಹೆಸರು ಬೇಡ.

ಊರಲ್ಲಿ ಸ್ವಂತ ಪ್ರಿಂಟಿಂಗ್ ಪ್ರೆಸ್ ಇತ್ತು. ಇಲ್ಲಿ ಬಂದು ಗ್ಯಾಸ್ ಸ್ಟೇಷನ್‌ನಲ್ಲಿ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರ ಪಾಳಿ. ಹೆಂಡತಿ ಶಾಲೆಯ ಕೆಫೆಟೇರಿಯಾದಲ್ಲಿ ಅರ್ಧ ದಿನ. ಎರಡು ಮಕ್ಕಳು.

ಮೊದಲ ವರ್ಷ ರೀಫಂಡ್ ಬಂದಾಗ ಬ್ಯಾಂಕಿನವರೇ ತಪ್ಪಾಗಿ ಹಾಕಿದ್ದಾರೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಆ ಹಣ ಬರುವ ಮುಂಚೆಯೇ ಖರ್ಚಾಗಿರುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಡಿಸೆಂಬರ್‌ವರೆಗೂ ದಿನಸಿ ತಂದಿರುತ್ತೇವೆ. ಅದಕ್ಕೆ ಮೊದಲ ಪಾಲು. ಕಾರಿನ ಟ್ರಾನ್ಸ್‌ಮಿಷನ್ ಕಿತ್ತುಹೋಗಿ ಬಾವನ ಹತ್ತಿರ ಸಾಲ ಮಾಡಿರುತ್ತೇವೆ. ಅದಕ್ಕೆ ಎರಡನೇದು. ಕಾರು ಇಲ್ಲದಿದ್ದರೆ ಇಲ್ಲಿ ಕೆಲಸವೇ ಇಲ್ಲ, ಬಸ್ಸು ಅನ್ನೋದು ಹೆಸರಿಗೆ ಮಾತ್ರ. ಉಳಿದದ್ದರಲ್ಲಿ ಮಕ್ಕಳ ಹಲ್ಲು, ಕನ್ನಡಕ, ಬೇಸಿಗೆಗೆ ಒಂದಷ್ಟು.

ಆದರೂ ಒಂದು ಮಾತು. ಒಂದೇ ಸಲ ಬಂದಿದ್ದಕ್ಕೇ ನಾವು ಬೇರೆ ಅಪಾರ್ಟ್‌ಮೆಂಟಿಗೆ ಹೋಗಲು ಆಯಿತು. ಡೆಪಾಸಿಟ್, ಮೊದಲ ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಗಾಡಿ, ಎಲ್ಲ ಒಟ್ಟಿಗೆ ಬೇಕು. ತಿಂಗಳಿಗೆ ಐನೂರು ಆರುನೂರು ಬಂದಿದ್ದರೆ ಅದು ಹಾಲು, ಅಕ್ಕಿ, ಪೆಟ್ರೋಲಿಗೇ ಕರಗುತ್ತಿತ್ತು. ಹಳೇ ಮನೆ ಬಿಡಲು ಆಗುತ್ತಿರಲಿಲ್ಲ. ಹೊಸ ಜಾಗದಲ್ಲಿ ಶಾಲೆ ಚೆನ್ನಾಗಿದೆ.

ಬೇಜಾರಿನ ವಿಷಯ ಬೇರೆ. ಮೊದಲೆರಡು ವರ್ಷ ಒಂದು ಟ್ಯಾಕ್ಸ್ ಅಂಗಡಿಗೆ ಹೋಗಿದ್ದೆವು. ಮುಂಗಡವಾಗಿ ಏನೂ ಕೊಡಬೇಡಿ, ರೀಫಂಡ್‌ನಲ್ಲೇ ಮುರಿದುಕೊಳ್ಳುತ್ತೇವೆ ಎಂದರು. ಕೈಗೆ ಬಂದಾಗ ನೂರಾರು ಡಾಲರ್ ಕಮ್ಮಿ. ಫೀಸು, ಆ ಫೀಸನ್ನು ರೀಫಂಡ್‌ನಲ್ಲಿ ಹಿಡಿದುಕೊಂಡಿದ್ದಕ್ಕೆ ಮತ್ತೊಂದು ಫೀಸು. ಲೈಬ್ರರಿಯಲ್ಲಿ ಇದೇ ಕೆಲಸ ಸುಮ್ನೆ ಮಾಡಿಕೊಡುತ್ತಾರೆ ಅಂತ ಯಾರೂ ಹೇಳಲಿಲ್ಲ. ದೇವಸ್ಥಾನದ ನೋಟಿಸ್ ಬೋರ್ಡಿನಲ್ಲಿ ಮನೆ ಮಾರುವವರ ಕಾರ್ಡ್ ನಲವತ್ತು ಇರುತ್ತವೆ, ಇದು ಒಂದೂ ಇರಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಆ ತಾಯಿ ಕಟ್ಟುವ ಇನ್‌ಕಮ್ ಟ್ಯಾಕ್ಸ್ ಎಷ್ಟು? ಹೆಚ್ಚೆಂದರೆ ನೂರು ಚಿಲ್ಲರೆ ಡಾಲರ್ ಇರಬಹುದು. ವಾಪಸ್ ಬರೋದು ಹತ್ತು ಸಾವಿರ. ಕಟ್ಟದೇ ಇರುವ ಟ್ಯಾಕ್ಸ್ ವಾಪಸ್ ಬರೋದು ಎಂಥ ರೀಫಂಡ್? ನೇರವಾಗಿ ಸಹಾಯಧನ ಅನ್ನಬಹುದಲ್ವಾ? ನಮ್ಮಲ್ಲೂ ತೆರಿಗೆ ರಿಯಾಯಿತಿ ಇದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆ ಆಗುತ್ತದೆ. ಸೊನ್ನೆಗಿಂತ ಕೆಳಗೆ ಹೋಗಿ ಸರ್ಕಾರವೇ ಕೈಗೆ ಕೊಡಲ್ಲ.

ಡಲ್ಲಾಸ್ ತುಮಕೂರು

@ಜಯನಗರ, ನ್ಯಾಯವಾದ ಪ್ರಶ್ನೆ. ನಿಮ್ಮ ಅಂದಾಜೂ ಸರಿ. ಅವರ ಫೆಡರಲ್ ಇನ್‌ಕಮ್ ಟ್ಯಾಕ್ಸ್ ನೂರಮೂವತ್ತರ ಆಸುಪಾಸು. ಆದರೆ ಸಂಬಳದ ಮೊದಲ ಡಾಲರಿನಿಂದಲೇ ಶೇ. 7.65 ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಮುರಿಯುತ್ತಾರೆ. ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. 24,960ಕ್ಕೆ ಅದು 1,900 ಡಾಲರ್ ದಾಟುತ್ತದೆ. ಮೇಲೆ ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್. ಈ ಕ್ರೆಡಿಟ್ ಹುಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಆ ಪೇರೋಲ್ ಟ್ಯಾಕ್ಸ್ ಹೊರೆ ಇಳಿಸುವುದೂ ಒಂದು.

ಉಳಿದದ್ದು ಸಹಾಯಧನವೇ, ಒಪ್ಪುತ್ತೇನೆ. ಆದರೆ ದುಡಿದರೆ ಮಾತ್ರ ಬರುವ ಸಹಾಯಧನ. ಎರಡು ಮಕ್ಕಳಿದ್ದರೆ ದುಡಿದ ಪ್ರತಿ ಡಾಲರಿಗೆ 40 ಸೆಂಟ್ ಸೇರುತ್ತಾ ಹೋಗುತ್ತದೆ. 2025ರಲ್ಲಿ 7,152 ಡಾಲರ್ ಮುಟ್ಟಿದ ಮೇಲೆ ನಿಲ್ಲುತ್ತದೆ. ಒಂದಷ್ಟು ದೂರ ಹಾಗೇ ಇದ್ದು ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಂಟಿ ಪೋಷಕರಿಗೆ 57,310ಕ್ಕೆ ಸೊನ್ನೆ. ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ ಗರಿಷ್ಠ 8,046. ಮಕ್ಕಳೇ ಇಲ್ಲದವರಿಗೆ ಗರಿಷ್ಠ 649, ಅಷ್ಟೇ. ಕನಿಷ್ಠ ಕೂಲಿಯಲ್ಲಿ ಪೂರ್ತಿ ವರ್ಷ ದುಡಿದ ಮೂವತ್ತರ ಹುಡುಗನಿಗೆ ಸಿಗೋದು ಮುನ್ನೂರು ಡಾಲರ್ ಆಸುಪಾಸು. ಈ ತಾರತಮ್ಯದ ಬಗ್ಗೆ ಯಾರೂ ಗಲಾಟೆ ಮಾಡಲ್ಲ.

ಧಾರವಾಡ ಮೇಷ್ಟ್ರು

ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಬೋರ್ ಆದರೆ ದಾಟಿಕೊಂಡು ಹೋಗಿ.

1969ರಲ್ಲಿ ನಿಕ್ಸನ್ ಸರ್ಕಾರ ಮಕ್ಕಳಿರುವ ಬಡ ಕುಟುಂಬಗಳಿಗೆಲ್ಲ ಖಚಿತ ಆದಾಯ ಕೊಡುವ ಪ್ರಸ್ತಾಪ ಮುಂದಿಟ್ಟಿತ್ತು. ಲೂಸಿಯಾನಾದ ಸೆನೆಟರ್ ರಸೆಲ್ ಲಾಂಗ್ ಸೆನೆಟ್ ಹಣಕಾಸು ಸಮಿತಿಯ ಅಧ್ಯಕ್ಷ. ಕೆಲಸ ಮಾಡದವರಿಗೂ ಹಣ ಕೊಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಅವರ ಪರ್ಯಾಯ, ದುಡಿಯುವವರಿಗೆ ಬೋನಸ್. ಅದೇ 1975ರಲ್ಲಿ ಫೋರ್ಡ್ ಸಹಿಯೊಂದಿಗೆ ಇಐಟಿಸಿ ಆಯಿತು. ಆಗ ಗರಿಷ್ಠ 400 ಡಾಲರ್, ಮಕ್ಕಳಿದ್ದವರಿಗೆ ಮಾತ್ರ. ರೇಗನ್ 1986ರಲ್ಲಿ ಹಿಗ್ಗಿಸಿದರು. ಕ್ಲಿಂಟನ್ 1993ರಲ್ಲಿ ಬಹಳ ದೊಡ್ಡದು ಮಾಡಿದರು. ಎರಡೂ ಪಕ್ಷದವರು ಬೆನ್ನು ತಟ್ಟಿದ ಬಡವರ ಯೋಜನೆ ಅಲ್ಲಿ ಅಪರೂಪ. ಕೆಲಸಕ್ಕೆ ಕಟ್ಟಿಹಾಕಿದ್ದರಿಂದಲೇ ಅದು ಉಳಿದುಕೊಂಡಿತು ಅನ್ನುವುದು ನನ್ನ ಅಭಿಪ್ರಾಯ.

ಪರಿಣಾಮ? 1993ರ ವಿಸ್ತರಣೆ ನಂತರ ಆ ಕುಟುಂಬಗಳಲ್ಲಿ ಕಡಿಮೆ ತೂಕದ ಶಿಶುಗಳು ಹುಟ್ಟುವುದು ಇಳಿಯಿತು ಎಂದು ಅಧ್ಯಯನಗಳು ತೋರಿಸಿವೆ. ಒಂಟಿ ತಾಯಂದಿರು ಕೆಲಸಕ್ಕೆ ಸೇರುವುದು ಏರಿತು ಎನ್ನುವುದೂ ಬಹುಕಾಲ ಒಪ್ಪಿತ ಮಾತಾಗಿತ್ತು. ಈಚೆಗೆ ಕೆಲವರು ಅದನ್ನು ಪ್ರಶ್ನಿಸುತ್ತಿದ್ದಾರೆ. ಅದೇ ಸಮಯಕ್ಕೆ ವೆಲ್‌ಫೇರ್ ಕಾನೂನು ಬಿಗಿಯಾಯಿತು, ಆರ್ಥಿಕತೆಯೂ ಜೋರಾಗಿತ್ತು. ಯಾವುದಕ್ಕೆ ಎಷ್ಟು ಶ್ರೇಯಸ್ಸು ಎಂಬ ಜಗಳ ಮುಗಿದಿಲ್ಲ.

ಈಗ ಮೂಲ ಪ್ರಶ್ನೆ, ತಿಂಗಳಿಗೋ ವರ್ಷಕ್ಕೋ. ಇದನ್ನು ಅವರು ಮಾಡಿ ನೋಡಿದ್ದಾರೆ! 1979ರಿಂದ 2010ರವರೆಗೆ ಇಐಟಿಸಿಯ ಒಂದು ಭಾಗವನ್ನು ಸಂಬಳದ ಜೊತೆಗೇ ಪಡೆಯುವ ಅವಕಾಶ ಇತ್ತು. ಮಾಲೀಕನಿಗೆ ಒಂದು ಫಾರಂ ಕೊಟ್ಟರೆ ಸಾಕು. ತೆಗೆದುಕೊಂಡವರು ನೂರಕ್ಕೆ ಬೆರಳೆಣಿಕೆಯಷ್ಟೂ ಅಲ್ಲ. ಕೊನೆಗೆ ರದ್ದು ಮಾಡಿದರು.

ಹಾಸನ ಟು ಹ್ಯೂಸ್ಟನ್

ಯಾಕೆ ತಗೊಳ್ಳಲಿಲ್ಲ ಸರ್? ಕಷ್ಟದಲ್ಲಿ ಇರುವವರಿಗೆ ತಿಂಗಳಿಗೆ ಬಂದರೆ ಒಳ್ಳೆಯದಲ್ವಾ?

ಧಾರವಾಡ ಮೇಷ್ಟ್ರು

ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ ಭಯ. ವರ್ಷದ ಮಧ್ಯೆ ಸಂಬಳ ಏರಿದರೆ, ಮದುವೆ ಆದರೆ, ಮಗು ಬೇರೆಯಾದ ಅಪ್ಪನ ಮನೆಗೆ ಹೋದರೆ, ಪಡೆದ ಹಣ ವಾಪಸ್ ಕಟ್ಟಬೇಕು. ಕೈಯಲ್ಲಿ ಇಲ್ಲದ ಹಣವನ್ನು ಸರ್ಕಾರಕ್ಕೆ ಕೊಡುವುದು ಹೇಗೆ? ಮೂರನೇದು, ನಮ್ಮ ಕಷ್ಟ ಮಾಲೀಕನಿಗೆ ಯಾಕೆ ಹೇಳಬೇಕು ಅನ್ನುವ ಸ್ವಾಭಿಮಾನ. ರಾತ್ರಿ ಪಾಳಿಯವರು ಹೇಳಿದ ಕಾರಣವೂ ಇತ್ತು. ಚೀಟಿ ಎತ್ತಿದ ಹಾಗೆ ಒಟ್ಟಿಗೆ ಬಂದರೆ ಒಂದು ಕೆಲಸ ಆಗುತ್ತದೆ ಎಂದು ಜನ ಯೋಚಿಸುತ್ತಿದ್ದರು.

ಲೆಸ್ಟರ್‌ನಿಂದ

ಆ ಭಯ ಸುಳ್ಳಲ್ಲ. ಬ್ರಿಟನ್‌ನಲ್ಲಿ ಅದೇ ಆಯಿತು.

ನಾನು ಕೇರ್ ಹೋಮ್‌ನಲ್ಲಿ ಕೆಲಸ ಮಾಡುವವಳು, ಮೂಲತಃ ಉಡುಪಿ ಕಡೆ. ವೀಸಾ ಮೇಲೆ ಬಂದಿದ್ದರಿಂದ ನನಗೆ ಇಲ್ಲಿನ ಸಾರ್ವಜನಿಕ ನೆರವು ಯಾವುದೂ ಇಲ್ಲ. ವೀಸಾ ಮೇಲೇ ಹಾಗೆ ಷರತ್ತು ಹಾಕಿರುತ್ತಾರೆ. ಆದರೆ ಜೊತೆಗೆ ಕೆಲಸ ಮಾಡುವ ಇಲ್ಲಿಯ ಹೆಂಗಸರು ವರ್ಷಗಟ್ಟಲೆ ಟ್ಯಾಕ್ಸ್ ಕ್ರೆಡಿಟ್ ಮೇಲೆಯೇ ಸಂಸಾರ ಮಾಡಿದ್ದನ್ನು ಕೇಳಿದ್ದೇನೆ.

ಇಲ್ಲಿ 2003ರ ಏಪ್ರಿಲ್‌ನಲ್ಲಿ ಆಗಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್, ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಎಂದು ಎರಡು ತಂದರು. ಅಮೆರಿಕದ ಹಾಗೆ ವರ್ಷಕ್ಕೊಮ್ಮೆ ಅಲ್ಲ. ವಾರಕ್ಕೋ ನಾಲ್ಕು ವಾರಕ್ಕೋ ಬ್ಯಾಂಕಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಳೆ ವರ್ಷದ ಆದಾಯದ ಮೇಲೆ, ವರ್ಷ ಮುಗಿದ ಮೇಲೆ ಮತ್ತೆ ತಾಳೆ ನೋಡುವುದು. ಮೊದಲ ವರ್ಷವೇ ಮೂರರಲ್ಲಿ ಒಂದು ಕುಟುಂಬಕ್ಕೆ ಜಾಸ್ತಿ ಹಣ ಹೋಗಿತ್ತು. ಆಮೇಲೆ ಪತ್ರ ಬರತೊಡಗಿತು, ಇಷ್ಟು ಸಾವಿರ ಪೌಂಡ್ ವಾಪಸ್ ಕೊಡಿ. ಅದನ್ನು ಮುಂದಿನ ಕಂತುಗಳಲ್ಲಿ ಮುರಿಯುತ್ತಾ ಹೋದರು. ಬಾಡಿಗೆ, ಡೇಕೇರ್ ಲೆಕ್ಕ ಎಲ್ಲ ಆ ಹಣದ ಮೇಲೆ ಕಟ್ಟಿಕೊಂಡವರ ಗತಿ ಯೋಚಿಸಿ. ಸಹಾಯ ಅಂತ ಬಂದದ್ದು ಸಾಲ ಆಗಿ ನಿಂತಿತು. ಹೆಚ್ಚು ಗಂಟೆ ಕೆಲಸ ಕೊಡುತ್ತೇವೆ ಅಂದರೂ ಆ ಹೆಂಗಸರು ಹಿಂಜರಿಯುತ್ತಿದ್ದರಂತೆ.

ಮತ್ತೊಂದು ನಂಬಲಾಗದ ವಿಷಯ. 2014ರಿಂದ 2016ರವರೆಗೆ ತಪ್ಪು ಪಾವತಿ ಹಿಡಿಯಲು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಮನೆಯಲ್ಲಿ ಗಂಡಸು ಇದ್ದಾನೆ, ನೀವು ಮುಚ್ಚಿಟ್ಟಿದ್ದೀರಿ ಎಂದು ಒಂಟಿ ತಾಯಂದಿರ ಹಣ ನಿಲ್ಲಿಸಿದರು. ಸಾಕ್ಷಿ? ಅದೇ ವಿಳಾಸದಲ್ಲಿ ಹಿಂದೆ ಇದ್ದ ಬಾಡಿಗೆದಾರನ ಹೆಸರು ಮುಂತಾದ್ದು. ಪಾರ್ಲಿಮೆಂಟಿನಲ್ಲಿ ಗಲಾಟೆ ಆಗಿ ಗುತ್ತಿಗೆ ಮುಗಿಸಿದರು.

ಈಗ ಅದೆಲ್ಲ ಇಲ್ಲ. 2025ರ ಏಪ್ರಿಲ್ 5ಕ್ಕೆ ಟ್ಯಾಕ್ಸ್ ಕ್ರೆಡಿಟ್ ಪೂರ್ತಿ ಮುಗಿಯಿತು, ಈಗಿರುವುದು ಹಲವು ನೆರವುಗಳನ್ನು ಒಂದು ಮಾಡಿದ ಯೂನಿವರ್ಸಲ್ ಕ್ರೆಡಿಟ್ ಮಾತ್ರ. ಅದು ಮಾಲೀಕರು ಕಳಿಸುವ ಸಂಬಳದ ಮಾಹಿತಿ ನೋಡಿ ತಿಂಗಳಿಗೊಮ್ಮೆ ತಾನೇ ಬದಲಾಗುತ್ತದೆ. ವಾಪಸ್ ಕೇಳುವ ಕಾಟ ಕಮ್ಮಿ. ಆದರೆ ಮಿತಿ ಮೀರಿ ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ.

ಜಯನಗರ ನಾಲ್ಕನೇ ಬ್ಲಾಕ್

ಅಂದರೆ ವರ್ಷಕ್ಕೊಮ್ಮೆ ಕೊಡೋದು ಅಷ್ಟೇನೂ ದಡ್ಡತನ ಅಲ್ಲ. ವರ್ಷ ಮುಗಿದ ಮೇಲೆ ಲೆಕ್ಕ ಗೊತ್ತಿರುತ್ತದೆ, ತಪ್ಪು ಕಮ್ಮಿ.

ರಾತ್ರಿ ಪಾಳಿ

ಲೆಕ್ಕ ಹಾಕುವವರಿಗೆ ಸುಲಭ ಸ್ವಾಮಿ. ಆಗಸ್ಟ್‌ನಲ್ಲಿ ಎಸಿ ಕೆಟ್ಟು ಮನೆಯೊಳಗೆ ಬೇಯುವಾಗ, ಫೆಬ್ರುವರಿಯಲ್ಲಿ ಹತ್ತು ಸಾವಿರ ಬರುತ್ತೆ ಅಂದರೆ ಏನು ಮಾಡಬೇಕು? ಶೇ. 28 ಬಡ್ಡಿಯ ಕಾರ್ಡ್ ಉಜ್ಜಬೇಕು. ನಮ್ಮ ಹಣ ಸರ್ಕಾರದ ಹತ್ತಿರ ಬಡ್ಡಿ ಇಲ್ಲದೆ ಕೂತಿರುತ್ತದೆ, ನಾವು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತೇವೆ.

2021 ನೆನಪಿದೆಯಾ? ಜುಲೈಯಿಂದ ಡಿಸೆಂಬರ್‌ವರೆಗೆ ಮಕ್ಕಳ ಕ್ರೆಡಿಟ್ ತಿಂಗಳಿಗೊಮ್ಮೆ ಬಂತು. ಆರು ವರ್ಷದ ಒಳಗಿನ ಮಗುವಿಗೆ 300, ದೊಡ್ಡವರಿಗೆ 250. ಆ ಆರು ತಿಂಗಳು ನಾನು ಕಾರ್ಡ್‌ನಲ್ಲಿ ಅಕ್ಕಿ ತರಲಿಲ್ಲ. ಶಾಲೆ ಶುರುವಾಗುವಾಗ ಮಗನಿಗೆ ಶೂ ಕೊಡಿಸಲು ಯಾರನ್ನೂ ಕೇಳಲಿಲ್ಲ. ಜನವರಿಯಲ್ಲಿ ನಿಂತುಹೋಯಿತು.

ಧಾರವಾಡ ಮೇಷ್ಟ್ರು

ಅದು ಲೆಕ್ಕದಲ್ಲೂ ಕಂಡಿತು. ಅಮೆರಿಕದ ಜನಗಣತಿ ಇಲಾಖೆ ನೆರವು, ತೆರಿಗೆ ಎಲ್ಲ ಸೇರಿಸಿ ಅಳೆಯುವ ಮಕ್ಕಳ ಬಡತನ 2021ರಲ್ಲಿ ಶೇ. 5.2ಕ್ಕೆ ಇಳಿದಿತ್ತು. 2022ರಲ್ಲಿ ಶೇ. 12.4. ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಮೇಲೆ. ಇದಕ್ಕೆ ತಿಂಗಳ ಕಂತೊಂದೇ ಕಾರಣ ಅಲ್ಲ. ಆ ವರ್ಷ ಮೊತ್ತವೂ ಮಗುವಿಗೆ 3,000 ಮತ್ತು 3,600ಕ್ಕೆ ಏರಿತ್ತು, ಕೋವಿಡ್ ಹಣವೂ ಇತ್ತು. ಎಲ್ಲಕ್ಕಿಂತ ಮುಖ್ಯ, ಆದಾಯವೇ ಇಲ್ಲದ ಮನೆಗೂ ಪೂರ್ತಿ ಕೊಟ್ಟರು. ಆಮೇಲೆ ಹಳೆ ನಿಯಮಕ್ಕೆ ಮರಳಿದರು. ಈಗ ಕ್ರೆಡಿಟ್ ಮಗುವಿಗೆ 2,200 ಡಾಲರ್. ಆದರೆ ತೆರಿಗೆ ಕಟ್ಟದವರ ಕೈಗೆ ಬರುವುದು ಗರಿಷ್ಠ 1,700. ಅದೂ 2,500 ಡಾಲರ್ ದಾಟಿ ದುಡಿದ ಆದಾಯದ ಶೇ. 15ರ ಲೆಕ್ಕದಲ್ಲಿ. ಮೊನ್ನೆಯ ಉದಾಹರಣೆಯ ತಾಯಿಗೆ ಪೂರ್ತಿ 4,400 ಸಿಗದೆ ಹೋದದ್ದು ಇದಕ್ಕೇ. ಲಕ್ಷ ಡಾಲರ್ ದುಡಿಯುವವರಿಗೆ ಪೂರ್ತಿ ಸಿಗುತ್ತದೆ.

ಹಾಸನ ಟು ಹ್ಯೂಸ್ಟನ್

ಒಂದು ಅನುಮಾನ. ಸರ್ಕಾರ ಹೀಗೆ ಸಂಬಳಕ್ಕೆ ಸೇರಿಸಿ ಕೊಟ್ಟರೆ ಮಾಲೀಕ ಯಾಕೆ ಸಂಬಳ ಏರಿಸುತ್ತಾನೆ? ನಾನು ಕೆಲಸ ಮಾಡಿದ ಒಂದು ರೆಸ್ಟೊರೆಂಟ್‌ನಲ್ಲಿ ಓನರ್ ಬಾಯಿಬಿಟ್ಟು ಹೇಳಿದ್ದರು, "ಫೆಬ್ರುವರಿಯಲ್ಲಿ ನಿಮಗೆಲ್ಲ ಬರುತ್ತಲ್ಲ" ಅಂತ. ಮೈ ಉರಿದುಹೋಗಿತ್ತು.

ಧಾರವಾಡ ಮೇಷ್ಟ್ರು

ಈ ಮಾತಿಗೆ ತೂಕ ಇದೆ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಜೆಸ್ಸಿ ರೋಥ್‌ಸ್ಟೀನ್ 2010ರಲ್ಲಿ ಇದನ್ನೇ ವಾದಿಸಿದರು. ಕ್ರೆಡಿಟ್ ಆಸೆಗೆ ಹೆಚ್ಚು ಜನ ಕೆಲಸ ಹುಡುಕಿದರೆ ಕೂಲಿ ಕೆಳಗೆ ಒತ್ತುತ್ತದೆ, ಲಾಭದ ಒಂದು ಪಾಲು ಮಾಲೀಕರಿಗೆ ಸೋರುತ್ತದೆ ಎಂದು. ಅದಕ್ಕೇ ಕನಿಷ್ಠ ಕೂಲಿ ಮತ್ತು ಕ್ರೆಡಿಟ್ ಜೋಡಿಯಾಗಿ ಇರಬೇಕು. ಕೂಲಿಯ ತಳ ಗಟ್ಟಿ ಇದ್ದರೆ ಸೋರಿಕೆ ಕಮ್ಮಿ. 7.25ಕ್ಕೆ ನಿಂತ ರಾಜ್ಯಗಳಲ್ಲಿ ಆ ತಳವೇ ಇಲ್ಲ.

ಡಲ್ಲಾಸ್ ತುಮಕೂರು

ಸಂಬಳ ಏರಿದರೂ ಪೂರ್ತಿ ಕೈಗೆ ಸಿಗಲ್ಲ, ಅದನ್ನೂ ಹೇಳಬೇಕು. ಅದೇ ತಾಯಿಗೆ ಗಂಟೆಗೆ ಒಂದು ಡಾಲರ್ ಜಾಸ್ತಿ ಆಯಿತು ಅಂದುಕೊಳ್ಳಿ. ವರ್ಷಕ್ಕೆ 2,080. ಇಐಟಿಸಿ ಪ್ರತಿ ಡಾಲರಿಗೆ 21 ಸೆಂಟ್ ಲೆಕ್ಕದಲ್ಲಿ ಇಳಿಯುತ್ತದೆ, ಪೇರೋಲ್ ಟ್ಯಾಕ್ಸ್ ಸೇರಿ ಸುಮಾರು 600 ಹೋಯಿತು. ಫುಡ್ ಸ್ಟಾಂಪ್ (ದಿನಸಿಗೆ ಕೊಡುವ ಸರ್ಕಾರಿ ನೆರವು) ಇದ್ದರೆ ಅದೂ ಇಳಿಯುತ್ತದೆ. ಡೇಕೇರ್ ನೆರವು ಪಡೆಯುತ್ತಿದ್ದರೆ ಒಂದು ಗೆರೆ ದಾಟಿದ ಕೂಡಲೇ ಅದು ಪೂರ್ತಿ ಬಂದ್. ಸೋಮಾರಿಗಳು ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಹೊಸದಾಗಿ ಬಂದವಳು

ಅಕ್ಕ, ನಮಗೆ ಬರುತ್ತದಾ ಹೇಳ್ತೀರಾ? ಇವರಿಗೆ ಕೆಲಸದ ವೀಸಾ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ನನಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ, ತೆರಿಗೆ ಕೆಲಸಕ್ಕೆ ಮಾತ್ರ ಕೊಡುವ ಐಟಿಐಎನ್ ನಂಬರ್ ಇದೆ. ಮಗಳು ಇಲ್ಲೇ ಹುಟ್ಟಿದವಳು. ಕಳೆದ ಮಾರ್ಚ್‌ನಿಂದ ಅಮ್ಮನ ಹತ್ತಿರ ಚಿತ್ರದುರ್ಗದಲ್ಲಿ ಬಿಟ್ಟಿದ್ದೇವೆ, ಡೇಕೇರ್ ಕಟ್ಟಲು ಆಗಲಿಲ್ಲ. ಅತ್ತೆ ಮಾವನಿಗೂ ನಾವೇ ತಿಂಗಳಿಗೆ ದುಡ್ಡು ಕಳಿಸೋದು.

ಡಲ್ಲಾಸ್ ತುಮಕೂರು

ನಮ್ಮವರಿಗೆ ಅಡ್ಡ ಬರುವ ಗೋಡೆಗಳು ಬಹುತೇಕ ಎಲ್ಲ ನಿಮ್ಮ ಒಂದೇ ಪ್ರಶ್ನೆಯಲ್ಲಿವೆ.

ಜಂಟಿ ರಿಟರ್ನ್‌ನಲ್ಲಿ ಗಂಡ, ಹೆಂಡತಿ ಇಬ್ಬರಿಗೂ ಕೆಲಸಕ್ಕೆ ಮಾನ್ಯವಾದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಬೇಕು. ಒಬ್ಬರಿಗೆ ಐಟಿಐಎನ್ ಇದ್ದರೂ ಫೆಡರಲ್ ಇಐಟಿಸಿ ಪೂರ್ತಿ ಹೋಯಿತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಸ್ವಂತ ಕ್ರೆಡಿಟ್ ಐಟಿಐಎನ್ ಇದ್ದವರಿಗೂ ಸಿಗುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸೇ ಇಲ್ಲ, ಕ್ರೆಡಿಟ್ಟೂ ಇಲ್ಲ.

ಮಗು ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ನಿಮ್ಮ ಜೊತೆ ಅಮೆರಿಕದಲ್ಲಿ ಇರಬೇಕು. ರಜೆಗೆ ಊರಿಗೆ ಹೋಗಿ ಬಂದರೆ ತೊಂದರೆ ಇಲ್ಲ. ಅಜ್ಜಿ ಮನೆಯಲ್ಲೇ ಬೆಳೆಯುತ್ತಿದ್ದರೆ ತೊಂದರೆ ಇದೆ. ಡೇಕೇರ್‌ಗೆ ಹಣ ಇಲ್ಲ ಅಂತ ಮಗುವನ್ನು ಊರಿಗೆ ಕಳಿಸುವುದು, ಕಳಿಸಿದ್ದಕ್ಕೆ ಕ್ರೆಡಿಟ್ ತಪ್ಪುವುದು. ಮಕ್ಕಳ ಕ್ರೆಡಿಟ್‌ಗೂ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಪಾಸ್‌ಪೋರ್ಟ್ ತಾರೀಕು ಹಿಡಿದುಕೊಂಡು ಬನ್ನಿ, ಕೂತು ನೋಡೋಣ.

ಭಾರತದಲ್ಲಿರುವ ಅತ್ತೆ ಮಾವನನ್ನು ಅವಲಂಬಿತರು ಎಂದು ಹಾಕಲು ಬರುವುದಿಲ್ಲ, ಎಷ್ಟೇ ಹಣ ಕಳಿಸಿದರೂ. ಮೆಕ್ಸಿಕೊ, ಕೆನಡಾದಲ್ಲಿದ್ದರೆ ಆಗುತ್ತಿತ್ತು!

ಇನ್ನೊಂದು, ಗ್ರೀನ್ ಕಾರ್ಡ್‌ನಲ್ಲಿ ಬಂದವರಿಗೆ. ಬಡ್ಡಿ, ಡಿವಿಡೆಂಡ್, ಆಸ್ತಿ ಮಾರಿದ ಲಾಭ ಇವೆಲ್ಲ ಸೇರಿ 2025ರಲ್ಲಿ 11,950 ಡಾಲರ್ ದಾಟಿದರೆ ಇಐಟಿಸಿ ಒಂದು ಪೈಸೆಯೂ ಇಲ್ಲ. ಇಲ್ಲಿನ ನಿವಾಸಿಗಳು ಪ್ರಪಂಚದ ಎಲ್ಲ ಆದಾಯ ತೋರಿಸಬೇಕು. ಊರಿನ ಎಫ್‌ಡಿ ಬಡ್ಡಿಯೂ ಸೇರುತ್ತದೆ. ಮೈಸೂರಿನಲ್ಲಿ ಒಂದು ಸೈಟ್ ಮಾರಿದ ವರ್ಷ, ಇಲ್ಲಿ ನೀವು ಕೌಂಟರಿನಲ್ಲೇ ನಿಂತಿದ್ದರೂ, ಕ್ರೆಡಿಟ್ ಮರೆತುಬಿಡಿ.

ಶಿವಮೊಗ್ಗ ಸೊಸೆ

ಊರಿಂದ ಓದುತ್ತಿದ್ದೇನೆ. ನಮ್ಮ ಗೃಹಲಕ್ಷ್ಮಿ ನೆನಪಾಯಿತು. ತಿಂಗಳಿಗೆ 2,000, ಮನೆಯ ಯಜಮಾನಿ ಖಾತೆಗೆ. 2023ರ ಆಗಸ್ಟ್‌ನಿಂದ. ಕಂತು ಕೆಲವೊಮ್ಮೆ ತಡ ಆಗುತ್ತದೆ, ಒಟ್ಟಿಗೆ ಬರುತ್ತದೆ, ಅದು ಬೇರೆ ಮಾತು. ಆದರೆ ನಮ್ಮಲ್ಲಿ ನಿಯಮ ನಿಮ್ಮದಕ್ಕೆ ತದ್ವಿರುದ್ಧ. ಯಜಮಾನಿಯೋ ಗಂಡನೋ ಇನ್‌ಕಮ್ ಟ್ಯಾಕ್ಸ್ ಕಟ್ಟುವವರಾದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಹಣ ಇಲ್ಲ. ನಮ್ಮ ಬೀದಿಯಲ್ಲಿ ಆಟೋ ಸಾಲಕ್ಕೆ ಅಂತ ರಿಟರ್ನ್ ಹಾಕಿಸಿಕೊಂಡವರು ಭಯ ಪಡುತ್ತಾರೆ, ಬಿಪಿಎಲ್ ಕಾರ್ಡ್ ಹೋದರೆ ಎಂದು. ರಿಟರ್ನ್ ಅಂದರೆ ಇಲ್ಲಿ ಕಳಕೊಳ್ಳುವ ದಾರಿ, ಅಲ್ಲಿ ಪಡೆಯುವ ದಾರಿ. ವಿಚಿತ್ರ ಅಲ್ವಾ?

ಜಯನಗರ ನಾಲ್ಕನೇ ಬ್ಲಾಕ್

@ಶಿವಮೊಗ್ಗ ಸೊಸೆ, ಇದನ್ನು ನಾನು ಯೋಚಿಸಿರಲಿಲ್ಲ. ಕಟ್ಟಡ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಇವರ ಆದಾಯ ಯಾವ ರಿಟರ್ನ್‌ನಲ್ಲೂ ಇಲ್ಲ. ಗಾರ್ಮೆಂಟ್ಸ್‌ನವರಿಗಾದರೂ ಪಿಎಫ್ ದಾಖಲೆ ಇದೆ. ಇಐಟಿಸಿ ಥರದ್ದು ನಮ್ಮಲ್ಲಿ ಬರಬೇಕಾದರೆ ಅಲ್ಲಿಂದ ಶುರು ಮಾಡಬಹುದೇನೋ. ಆದರೂ ಹೇಳುತ್ತೇನೆ, ಮೋಸ ತಡೆಯುವುದು ಹೇಗೆ? ಇಲ್ಲದ ಮಕ್ಕಳನ್ನು ತೋರಿಸಿದರೆ?

ಡಲ್ಲಾಸ್ ತುಮಕೂರು

ತಪ್ಪು ಪಾವತಿ ಇಲ್ಲೂ ಜಾಸ್ತಿಯೇ. ಇಐಟಿಸಿಯಲ್ಲಿ ಹೋದ ಹಣದ ಐದರಲ್ಲಿ ಒಂದು ಪಾಲಿಗೂ ಮೇಲೆ ಸರಿಯಾಗಿ ಹೋಗಿಲ್ಲ ಎಂದು ಸರ್ಕಾರವೇ ಹೇಳುತ್ತದೆ. ಎಲ್ಲ ಮೋಸ ಅಲ್ಲ. ಅಪ್ಪ ಅಮ್ಮ ಬೇರೆ ಇದ್ದು ಇಬ್ಬರೂ ಒಂದೇ ಮಗುವನ್ನು ತೋರಿಸುವುದು, ಅಜ್ಜಿ ತೋರಿಸುವುದು, ಇಂಥದ್ದು ಬಹಳ. ಬೇಜವಾಬ್ದಾರಿಯಿಂದ ಸುಳ್ಳು ಹೇಳಿದ್ದು ಸಾಬೀತಾದರೆ 2 ವರ್ಷ ಕ್ರೆಡಿಟ್ ಬಂದ್, ವಂಚನೆಯಾದರೆ 10 ವರ್ಷ. ಅದಕ್ಕೇ ಹೇಳುವುದು, "ನಿಮಗೆ ಜಾಸ್ತಿ ತರಿಸುತ್ತೇನೆ" ಎನ್ನುವ ಅಂಗಡಿ ಕಂಡರೆ ಓಡಿ. ಸಹಿ ನಿಮ್ಮದು, ಶಿಕ್ಷೆಯೂ ನಿಮಗೆ. 2015ರ ಕಾನೂನಿನ ಪ್ರಕಾರ ಇಐಟಿಸಿ ಇರುವ ರೀಫಂಡ್ ಫೆಬ್ರುವರಿ ಮಧ್ಯದ ತನಕ ಬಿಡುಗಡೆ ಆಗುವಂತಿಲ್ಲ, ಸಂಬಳದ ದಾಖಲೆ ತಾಳೆ ನೋಡಲು. ಕೈಗೆ ಬರುವಾಗ ಮಾರ್ಚ್ ಹತ್ತಿರ.

ಆದರೆ ತಪಾಸಣೆಯ ಭಾರ ಯಾರ ಮೇಲೆ ಬೀಳುತ್ತದೆ ಎನ್ನುವುದೂ ಇದೆ. ಈ ಆಡಿಟ್ ಹೆಚ್ಚಾಗಿ ಅಂಚೆಯಲ್ಲೇ. ಮಗು ನಿಮ್ಮ ಜೊತೆ ಇತ್ತು ಎಂದು ಶಾಲೆ, ಡಾಕ್ಟರ್, ಮನೆ ಮಾಲೀಕರಿಂದ ಪತ್ರ ತಂದು ಕಳಿಸಬೇಕು. ಅಲ್ಲಿತನಕ ಹಣ ನಿಂತಿರುತ್ತದೆ. ಕಪ್ಪು ಜನರನ್ನು ಮೂರರಿಂದ ಐದು ಪಟ್ಟು ಹೆಚ್ಚು ಆಡಿಟ್ ಮಾಡುತ್ತಿದ್ದಾರೆ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಅದರ ಬಹುಪಾಲು ಬಂದದ್ದು ಇಐಟಿಸಿ ಆಡಿಟ್‌ಗಳಿಂದ. ಐಆರ್‌ಎಸ್ ಮುಖ್ಯಸ್ಥರೇ ಈ ವ್ಯತ್ಯಾಸವನ್ನು ಒಪ್ಪಿಕೊಂಡರು.

ಇನ್ನೊಂದು ಕಡೆ, ಅರ್ಹರಲ್ಲಿ ಐದರಲ್ಲಿ ಒಬ್ಬರು ಕೇಳುವುದೇ ಇಲ್ಲ. ಆದಾಯ ಕಡಿಮೆ, ರಿಟರ್ನ್ ಬೇಕಿಲ್ಲ ಅಂದುಕೊಂಡು ಸುಮ್ಮನಿರುತ್ತಾರೆ. ನನ್ನ ಮಟ್ಟಿಗೆ ತಿಂಗಳೋ ವರ್ಷವೋ ಎನ್ನುವುದಕ್ಕಿಂತ ಮೊದಲು ಇದು ಸರಿಯಾಗಬೇಕು. ಆಮೇಲೆ ಎರಡನ್ನೂ ಕೊಡಲಿ, ಅರ್ಧ ಕಂತಿನಲ್ಲಿ, ಅರ್ಧ ಒಟ್ಟಿಗೆ. ಮನೆಯವರೇ ಆರಿಸಿಕೊಳ್ಳಲಿ.

ರಾತ್ರಿ ಪಾಳಿ

ಹಾಗಾದರೆ ನಾನು ಸಹಿ ಹಾಕುತ್ತೇನೆ. ಒಂದು ಕೇಳಬೇಕಿತ್ತು. ನಮ್ಮ ಷಡ್ಡಕ 2022ರಲ್ಲಿ ಗೋಡೌನ್‌ನಲ್ಲಿ ಪೂರ್ತಿ ವರ್ಷ ದುಡಿದಿದ್ದಾನೆ, ಎರಡು ಮಕ್ಕಳು, ಎಲ್ಲರಿಗೂ ನಂಬರ್ ಇದೆ. ಆ ವರ್ಷ ರಿಟರ್ನ್ ಹಾಕೇ ಇಲ್ಲ. ಈಗ ಹಾಕಿದರೆ ಬರುತ್ತದಾ?

ಡಲ್ಲಾಸ್ ತುಮಕೂರು

ಬರುತ್ತದೆ. ಮೂರು ವರ್ಷದವರೆಗೆ ಕೇಳಬಹುದು. 2022ರದ್ದಕ್ಕೆ ಇದೇ 2026ರ ಏಪ್ರಿಲ್ 15 ಕೊನೆ ದಿನ, ಆಮೇಲೆ ಅದು ಸರ್ಕಾರದ ಹಣ. ಆ ವರ್ಷ ಎರಡು ಮಕ್ಕಳಿಗೆ ಇಐಟಿಸಿ ಗರಿಷ್ಠ 6,164 ಇತ್ತು. ಮಕ್ಕಳ ಕ್ರೆಡಿಟ್ ಬೇರೆ. ಡಬ್ಲ್ಯು-2 (ಮಾಲೀಕರು ಕೊಡುವ ವರ್ಷದ ಸಂಬಳದ ಪತ್ರ) ಕಳೆದುಹೋಗಿದ್ದರೆ ಐಆರ್‌ಎಸ್ ಖಾತೆಯಿಂದ ದಾಖಲೆ ತೆಗೆಸಬಹುದು. ಗಂಡ ಹೆಂಡತಿ ಇಬ್ಬರೂ ಬರಲಿ, ಫೋಟೋ ಇರುವ ಗುರುತಿನ ಚೀಟಿ, ಎಲ್ಲರ ಸೋಷಿಯಲ್ ಕಾರ್ಡ್, ಬ್ಯಾಂಕ್ ನಂಬರ್ ತರಲಿ. ಶನಿವಾರ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ, ಒಂಬತ್ತೂವರೆಗೇ ಕ್ಯೂ ಇರುತ್ತದೆ.